ಪೆಟ್ಟಿಗೆ ಕಟ್ಟಿದವರು

ಓದ್ರಾ ನದಿ ಅರ್ಧ ಹೆಪ್ಪುಗಟ್ಟಿದ ಫೆಬ್ರವರಿ.
ಬೆಳಗಿನ ಪಾಳಿ ಮುಗಿಸಿ ಡಿಪೋದ ಸಮವಸ್ತ್ರದಲ್ಲೇ ಹೋಗಿದ್ದೆ,
ಕೋಟಿನ ಒಳಜೇಬಿನಲ್ಲಿ, ಮೈಬಿಸಿಗೆ ಒತ್ತಿಕೊಂಡು, ಪುಟ್ಟ ಡಬ್ಬಿ.
ಹಾಗೇ ತರಬೇಕಂತೆ, ತಣ್ಣಗಾದರೆ ಕೆಟ್ಟೀತು.
ದಾರಿಯಲ್ಲಿ ಟಿಕೇಟು ತಪಾಸಣೆಯ ಹೆಂಗಸು ಎದುರಾಗಿ
‘ಎದೆ ಹಿಡ್ಕೊಂಡಿದ್ದೀಯಲ್ಲ, ನೋವಾ?’ ಅಂದಳು.
ಹೂಂ ಅಂದೆ.

ಎಣಿಕೆ ಸರಿಯಿತ್ತು ನನ್ನದು. ಓಟವೂ ಸರಿ.
ಆರು ವರ್ಷ ವ್ರೋತ್ಸ್ವಾಫಿನ ಆಸ್ಪತ್ರೆಗಳಲ್ಲಿ
ನನ್ನ ಕಾಗದ ನೋಡಿದವರೆಲ್ಲ ಕತ್ತೆತ್ತಿ
ಮಲ್ವಿನಾಳ ಕಡೆ ತಿರುಗುತ್ತಿದ್ದರು.
ಹೆಣ್ಣಿಗಾದರೆ ಒಂದು ಮಾತಿದೆ, ಬಂಜೆ,
ಯಾವ ಭಾಷೆಯಲ್ಲೂ ಕೈಗೆಟುಕುವ ಗೂಡಿನಲ್ಲೇ ಇಟ್ಟಿದ್ದಾರೆ.
ನನಗೆ ಮಾತಿರಲಿಲ್ಲ.
ಆ ಇಲ್ಲದ ಮಾತಿನ ಸೂರಿನಡಿ ಆರು ವರ್ಷ ನಿಂತೆ,
ಅವಳು ನೆನೆಯುತ್ತಿದ್ದಳು.

ಪ್ರೊಫೆಸರ್ ಹೋಲೂಬ್ಕಾ ಡಾಕ್ಟರಲ್ಲ. ಅದನ್ನೇ ಮೊದಲು ಹೇಳಿದರು:
‘ನಾನು ವಾಸಿಮಾಡುವವಳಲ್ಲ, ನೋಡುವವಳು.’
ಕನ್ನಡಕಕ್ಕೆ ಕಟ್ಟಿದ ದಾರ ಎರಡು ಕಡೆ ಗಂಟು ಬಿದ್ದಿತ್ತು.
ನನ್ನದೇ ಟ್ರಾಮಿನ ಟಿಕೇಟು ಇಸಿದುಕೊಂಡು
ಅದರ ಬೆನ್ನಿಗೆ ಗೀಚಿದರು:
ಒಂದು ಮೀಟರ್ ಎಳೆ.
ಅದನ್ನು ಇಡಬೇಕಾದ ತಲೆ
ಕೂದಲ ಅಗಲದ ಹದಿನೈದರಲ್ಲಿ ಒಂದು ಪಾಲು.
ಮೈಯ ಬೇರೆ ಕಡೆಯೆಲ್ಲ ಆ ಎಳೆ
ಪ್ರೋಟೀನಿನ ಉಂಡೆಗಳಿಗೆ ಸಡಿಲ ಸುತ್ತಿಕೊಂಡಿರುತ್ತದೆ,
ಬೇಕಾದಾಗ ಎಳೆದು ಓದಲು ಬರುವ ಹಾಗೆ.
ಇಲ್ಲಿ ಮಾತ್ರ, ಹೊರಡುವ ಮುಂಚೆ,
ಉಂಡೆಗಳನ್ನು ಬಹುಪಾಲು ಆಚೆ ದೂಡಿ
ಪ್ರೋಟಮೀನ್ ಅನ್ನುವ ಗಿಡ್ಡ ಆಳುಗಳು ಒಳಬರುತ್ತವೆ,
ಮಡಿಸಿ, ಅದುಮಿ, ಮೊಣಕಾಲೂರಿ,
ಗಂಧಕದ ಗುಂಡಿ ಹಾಕಿ ಬಿಗಿಯುತ್ತವೆ.
ಆಮೇಲೆ ಒಂದಕ್ಷರವೂ ಓದುವ ಹಾಗಿಲ್ಲ.
‘ಪ್ರಯಾಣದ ಗಂಟು,’ ಅಂದರು.

ಗಾಜಿನ ಪಟ್ಟಿಗೆ ಬಣ್ಣ ಹಾಕಿ ನನ್ನನ್ನೇ ನೋಡಲು ಬಿಟ್ಟರು.
ಸರಿಯಾಗಿ ಕಟ್ಟಿದ್ದು ಬಣ್ಣ ಕುಡಿಯುವುದಿಲ್ಲ.
ನನ್ನವು ನೀಲಿ.
ಹತ್ತಕ್ಕೆ ಆರು, ನಮ್ಮ ಟ್ರಾಮುಗಳಂಥದೇ ನೀಲಿ,
ಚಿಲಕ ಹಾಕದೆ ಹೊರಟ ಸಾಮಾನು.

ಆಗ ಯಾಕೋ ಅಜ್ಜಿಯ ಪೆಟ್ಟಿಗೆಯ ಮಾತು ತೆಗೆದೆ.
ನಲವತ್ತಾರರಲ್ಲಿ ಲ್ವೂಫ್ ಬಿಟ್ಟು ದನದ ಬೋಗಿಯಲ್ಲಿ
ಇಲ್ಲಿಗೆ ಬಂದವಳು ಸ್ತೇಫಾನಿಯಾ,
ಇನ್ಯಾರದೋ ಬಟ್ಟಲು ಇನ್ನೂ ಮೇಜಿನ ಮೇಲಿದ್ದ ಮನೆಗೆ.
ಗರಗಸದ ಅಲಗು ಕಂಬಳಿಯೊಳಗೆ,
ಕಂಬಳಿ ಕಡಾಯಿಯೊಳಗೆ,
ಬೀಗದ ಕೈ ಗಸಗಸೆಯ ಚೀಲದೊಳಗೆ.
ಸಾಸಿವೆಯಷ್ಟು ಸಂದು ಬಿಟ್ಟಿರಲಿಲ್ಲ ಮಹಾರಾಯ್ತಿ.
ಇಪ್ಪತ್ತೆಂಟು ವರ್ಷ ಬಿಚ್ಚಲೂ ಇಲ್ಲ.
ನಾಳೆ ವಾಪಸು ಕಳಿಸಿಯಾರು, ಅನ್ನುತ್ತಿದ್ದಳಂತೆ.
ಅವಳು ಹೋದಮೇಲೆ ಅಪ್ಪ ತೆಗೆದರೆ
ಕಂಬಳಿ ಕಡಾಯಿಗೆ ಅಂಟಿ ಒಂದೇ ಆಗಿತ್ತು.

ಪ್ರೊಫೆಸರ್ ಪೆನ್ನು ಮುಚ್ಚಿದರು. ಮತ್ತೆ ತೆಗೆದರು.
‘ಅದೂ ಇದೆ. ನನ್ನ ಕೆಲವು ಇಲಿಗಳಲ್ಲಿ.
ಅಂಡಾಣುವಿನ ಒಳಗೇ ಹೋಗಿಯೂ
ಬಿಚ್ಚಿಕೊಳ್ಳುವುದಿಲ್ಲ.’
‘ಯಾಕೆ?’
‘ಗೊತ್ತಿಲ್ಲ. ಹನ್ನೊಂದು ವರ್ಷದಿಂದ ಗೊತ್ತಿಲ್ಲ.’
ಅಷ್ಟು ಖುಷಿಯಿಂದ ಗೊತ್ತಿಲ್ಲ ಅಂದವರನ್ನು
ನಾನು ಅದುವರೆಗೆ ಕಂಡಿರಲಿಲ್ಲ.
‘ಕಟ್ಟುವುದು ನಿಮ್ಮ ಪಾಲು. ಬಿಚ್ಚುವುದು ಅವಳದು:
ಗುಂಡಿ ಕಳಚಿ, ಆಳುಗಳನ್ನು ಆಚೆ ಕಳಿಸಿ,
ತನ್ನ ಮನೆಯ ಉಂಡೆಗಳಿಗೆ ನಿಮ್ಮ ಎಳೆ ಸುತ್ತಿಕೊಳ್ಳುತ್ತಾಳೆ.
ಕೆಲವೇ ಗಂಟೆ ಸಾಕು.’

ಮನೆಯಲ್ಲಿ ಮಲ್ವಿನಾ ಒಪೆರಾದ ಉಡುಪು ಹರಡಿಕೊಂಡು
ಹೋದ ವರ್ಷದ ರಾಜನ ನಿಲುವಂಗಿಯನ್ನು
ಈ ವರ್ಷದ ಭಿಕ್ಷುಕನಿಗೆ ಹಿಗ್ಗಿಸುತ್ತಿದ್ದಳು.
‘ನನ್ನಿಂದ,’ ಅಂದೆ. ‘ಇಷ್ಟು ದಿನ ನನ್ನಿಂದ.’
ತಲೆ ಎತ್ತಲಿಲ್ಲ. ಬ್ಲೇಡಿನ ತುದಿಯಲ್ಲಿ
ಒಂದು ಹೊಲಿಗೆ ಬಿಚ್ಚಿದಳು. ಇನ್ನೊಂದು.
ತೋಳು ಪೂರ್ತಿ ಕಳಚಿ ಬಂದ ಮೇಲೆ
‘ಟಿಕೇಟು ತೋರಿಸು,’ ಅಂದಳು.
ಬೆನ್ನು ತಿರುಗಿಸಿ ದೀಪಕ್ಕೆ ಹಿಡಿದಳು, ಬಹಳ ಹೊತ್ತು.
‘ಇದರ ಅವಧಿ ಮುಗಿದಿದೆ,’ ಅಂದಳು,
ಮತ್ತೆ ಮಡಿಸದೆ
ಮೇಜಿನ ಮೇಲಿಟ್ಟಳು.